ಬ್ರೇಕಿಗೆ ಬೀಗವೇಕೆ?

“ಬ್ರೇಕಿಗೆ ಮಾತ್ರ ಕೈ ಹಚ್ಚಬೇಡಿ, ಅದು ಬಲ್ಲವರ ಕೆಲಸ” ಎಂದು ಉಪದೇಶಿಸುವ ಮಹಾಶಯರೊಡನೆ ನಮ್ಮದೊಂದು ತಕರಾರಿದೆ.

ಅಮೆರಿಕದಲ್ಲಿರುವ ನಮ್ಮ ತಂಗಿಯ ಮಗ ಹಳೆಯದೊಂದು ಮಾಜ್ದಾ ಮಿಯಾಟಾ ಇಟ್ಟುಕೊಂಡಿದ್ದಾನೆ. 1989ರಲ್ಲಿ ಹೊರಬಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮೊದಲ ಮಾದರಿ. ಮುಂದಿನ ಚಕ್ರಗಳಿಗೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ಒತ್ತಿ ಒಳಕ್ಕೆ ತಳ್ಳಿದ. ಹಿಂದಿನವಕ್ಕೂ ಅದೇ ಉಪಾಯ ಹೂಡಿದರೆ ಜಪ್ಪಯ್ಯ ಎಂದರೂ ಕದಲಲಿಲ್ಲ! ಕೈಬ್ರೇಕಿನ ತಿರುಪು ಅಲ್ಲಿ ಕ್ಯಾಲಿಪರಿನೊಳಗೇ ಇದೆ. ಹಿಂಬದಿಯ 14 ಮಿ.ಮೀ. ಬೋಲ್ಟು ಬಿಚ್ಚಿ, ರಂಧ್ರದಲ್ಲಿ 4 ಮಿ.ಮೀ. ಅಲೆನ್ ಕೀ ತೂರಿಸಿ, ಅಪ್ರದಕ್ಷಿಣೆಯಾಗಿ ತಿರುಗಿಸಬೇಕು. ಅರ್ಧ ದಿನ ಹೋಯಿತು, ಬೆರಳು ತರಚಿತು. ಇನ್ನೂ ಬಲ ಹಾಕಿದ್ದರೆ ಕ್ಯಾಲಿಪರೇ ಕೆಡುತ್ತಿತ್ತು, ಒಪ್ಪುತ್ತೇವೆ. ಆದರೆ ಆ ವಿಧಾನ ದುರಸ್ತಿ ಕೈಪಿಡಿಯಲ್ಲಿ ಅಚ್ಚಾಗಿತ್ತು, ಕೀಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವಂಥದು.

ಇಂದಿನ ಅನೇಕ ಕಾರುಗಳಲ್ಲಿ ಆ ತಿರುಪನ್ನು ವಿದ್ಯುತ್ ಮೋಟಾರು ತಿರುಗಿಸುತ್ತದೆ. ಅದನ್ನು ಹಿಂದೆ ಸರಿಸಲು ಹಲವು ಮಾದರಿಗಳಲ್ಲಿ ಕಂಪ್ಯೂಟರಿನ ಅಪ್ಪಣೆ ಬೇಕು. ಬಿ.ಎಸ್‌ಸಿ.ಯಲ್ಲಿ ನಾವು ಓದಿದ ಪಾಸ್ಕಲನ ನಿಯಮ ಬದಲಾಗಿಲ್ಲ, ಬೀಗ ಮಾತ್ರ ಹೊಸದು. (ಒಂದು ಫೈಲು ಕದಲಲು ಮೂರು ಸಹಿ ಬೇಡುವ ಕಚೇರಿಯವರಾದ ನಮಗೆ ಈ ಜಾತಿಯ ಬೀಗದ ಪರಿಚಯ ಚೆನ್ನಾಗಿದೆ.)

ಇದೆಲ್ಲ ಸುರಕ್ಷತೆಗಾಗಿ ಎನ್ನುತ್ತಾರೆ. ಹಾಗಿದ್ದರೆ ವಿಧಾನವನ್ನು ಮುಚ್ಚಿಡುವುದೇಕೆ? ಮೆಸಾಚುಸೆಟ್ಸಿನ ಮತದಾರರು 2012ರಲ್ಲಿ ಕಾರು ದುರಸ್ತಿಯ ಮಾಹಿತಿ ತಮಗೂ ಸಿಗಲೆಂದು ಭಾರಿ ಬಹುಮತದಿಂದ ಮತ ಹಾಕಿದರಲ್ಲ, ಅವರೆಲ್ಲ ಅವಿವೇಕಿಗಳೇ? ನಮ್ಮ ಹುಡುಗ ಪೆಡಲನ್ನು ಮತ್ತೆಮತ್ತೆ ತುಳಿದು, ಅದು ಗಟ್ಟಿಯಾದ ಮೇಲೆಯೇ ಗಾಡಿ ಹೊರತೆಗೆದ. ಅಲೆನ್ ಕೀಯನ್ನು ಈಗ ಕಾರಿನಲ್ಲೇ ಇಟ್ಟುಕೊಂಡಿದ್ದಾನಂತೆ.