ಗೋಕಾಕದಾಗ ಹೀಟರ್ ಪೈಪ್ ಯಾಕ ಬೇಕ್ರೀ?

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಸೋಮಾರಿತನ, ಇನ್ನೇನಿಲ್ಲ. ಈಗ ಒಂದು ತುಂಡು ರಬ್ಬರ್ ಪೈಪು ನನ್ನನ್ನು ಹಿಡಿದು ಬರೆಯಲು ಕೂರಿಸಿದೆ. ನಿಮ್ಮಲ್ಲಿ ಯಾರ ಮನೆಯ ಮುಂದಾದರೂ ಹತ್ತು-ಹದಿನೈದು ವರ್ಷ ದಾಟಿದ ಕಾರು ನಿಂತಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಳೆಯ ಮಾರುತಿ ಝೆನ್. ಆ ಕಾರಿನ ತಯಾರಿಕೆ 2006ರಲ್ಲೇ ನಿಂತಿತು, ನಮ್ಮ ಗಾಡಿ ಇನ್ನೂ ನಿಂತಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಅಂತ ಎರಡು ಸಲ ನೋಂದಣಿ ನವೀಕರಿಸಿಕೊಂಡು ಬಂದಿದ್ದೇವೆ. ಅಪ್ಪನಿಗೆ ಮಗನಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ :)

ಎರಡು ವರ್ಷದ ಹಿಂದೆ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಪೈಪು ಬದಲಿಸಿದಾಗ ಮೇಸ್ತ್ರಿ ಹೇಳಿದ್ದ, "ಸಾಹೇಬ್ರ, ಹೀಟರಿಗೆ ಹೋಗು ಸಣ್ಣ ಪೈಪೂ ಹಳೇವಾಗ್ಯಾವ, ಒಮ್ಮೆಲೆ ತಗದು ಬಿಡೂಣು." ನಾನು ನಕ್ಕುಬಿಟ್ಟೆ. "ಗೋಕಾಕದಾಗ ಹೀಟರ್ ಯಾಕ ಬೇಕೋ ಮಾರಾಯಾ?" ಅವನೂ ನಕ್ಕ. ಅಲ್ಲಿಗೆ ಮಾತು ಮುಗಿಯಿತು. ನಾವು ಹೀಟರ್ ಹಾಕಲಿ ಬಿಡಲಿ, ಆ ಪೈಪಿನೊಳಗೆ ಅದೇ ಎಂಜಿನಿನ ನೀರು, ಅದೇ ಒತ್ತಡ ಇರುತ್ತದೆ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಈ ಸಲ ಫೆಬ್ರುವರಿ ಕೊನೆಗೆ ಮೂಡಲಗಿಯಿಂದ ಹುಕ್ಕೇರಿಗೆ ಒಂದು ನಿಶ್ಚಿತಾರ್ಥಕ್ಕೆ ಹೊರಟೆವು. ಕಬ್ಬಿನ ಸೀಸನ್ನು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುತ್ತ, ಗೋಕಾಕ ಆಯಿತು, ಘಟಪ್ರಭಾ ದಾಟಿತು. ಹಿಂದಿನ ಸೀಟಿನಿಂದ ಅವ್ವ ಅಂದಳು, "ಬೆಲ್ಲದ ವಾಸನಿ ಬರಾಕತ್ತೈತಲ್ಲ, ಇಲ್ಲೆಲ್ಲರೆ ಗಾಣ ಐತೇನು?" ನನಗೂ ಹಾಗೇ ಅನ್ನಿಸಿತು. ಕಬ್ಬಿನ ನಾಡಲ್ಲವೇ! ಟೆಂಪರೇಚರ್ ಮುಳ್ಳು ತುಸು ಮೇಲೆ ಹೋಗಿ ಮತ್ತೆ ಕೆಳಗಿಳಿಯಿತು. ಸದ್ಯ ಅಂದುಕೊಂಡೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಕಟಕಟ ಅಂದು ನಿಂತೇಬಿಟ್ಟಿತು.

ಆ ಸಿಹಿ ವಾಸನೆ ಗಾಣದ್ದಲ್ಲ, ಕೂಲಂಟಿನದು. ಅದರಲ್ಲಿರುವ ಗ್ಲೈಕಾಲ್ ಹಾಗೇ ಸಿಹಿಯಾಗಿ ಬರುತ್ತದೆ. ಮುಳ್ಳು ಇಳಿದದ್ದು ಎಂಜಿನ್ ತಣ್ಣಗಾಗಿ ಅಲ್ಲ. ನೀರಿನ ಶಾಖ ಅಳೆಯುವ ಸೆನ್ಸರಿಗೆ ಮುಳುಗಲು ನೀರೇ ಉಳಿದಿರಲಿಲ್ಲ. ಹಳೆಯ ಕಾರಿನವರು ಇದೊಂದು ಮಾತು ನೆನಪಿಟ್ಟುಕೊಳ್ಳಿ: ಸಿಹಿ ವಾಸನೆ ಬಂದು ಮುಳ್ಳು ತಟ್ಟನೆ ಇಳಿದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

ನಾನು ಬಾನೆಟ್ ಎತ್ತುವಷ್ಟರಲ್ಲಿ ಅಪ್ಪ ಟವೆಲ್ ಒದ್ದೆ ಮಾಡಿಕೊಂಡು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ್ದರು. ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನ ಎಡಗೈ ಮೇಲೆ ಒಂದು ಸುಟ್ಟ ಕಲೆ ಇದೆ, ಅಂಬಾಸಿಡರ್ ಓಡಿಸುತ್ತಿದ್ದ ಕಾಲದ್ದು. ಬಿಗಿಯಾದ ಕ್ಯಾಪಿನ ಕೆಳಗೆ 0.9 ಕೆಜಿ ಒತ್ತಡ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಅದೆಲ್ಲ ಉಗಿಯಾಗಿ ಮುಖಕ್ಕೇ ಹಾರುತ್ತದೆ. ಮುಕ್ಕಾಲು ತಾಸು ಬೇವಿನ ಮರದ ಕೆಳಗೆ ಸುಮ್ಮನೆ ಕೂತೆವು. ಅಪ್ಪನಿಗೆ ಸಿಟ್ಟು, "ನೀರ್ ಹಾಕ್ಕೊಂಡು ಹೋಗೂದ್ ಬಿಟ್ಟು..." ಅಂತ.

ನನ್ನ ತಕರಾರು ಈ ಮಾತಿನ ಮೇಲೇ. "ನೀರ್ ಹಾಕ್ಕೊಂಡು ಹೋಗೂಣು" ಅನ್ನುವುದು ನಮ್ಮ ಹಿರಿಯರ ಅನುಭವದ ಮಾತು, ಸುಳ್ಳಲ್ಲ. ಹಳೆಯ ಪೆಟ್ರೋಲ್ ಅಂಬಾಸಿಡರಿನ ಹೆಡ್ಡು ಬೀಡು ಕಬ್ಬಿಣದ್ದು. ವಂಟಮುರಿ ಘಾಟ್ ಹತ್ತಿಸಿ, ಕುದಿಸಿ, ಆರಿಸಿ, ನೀರು ಹಾಕಿ ಮತ್ತೆ ಓಡಿಸಿದರೂ ಬಹಳಷ್ಟು ತಡೆದುಕೊಳ್ಳುತ್ತಿತ್ತು. ನಮ್ಮ ಕಾರಿನ ಹೆಡ್ಡು ಅಲ್ಯೂಮಿನಿಯಂ. ಒಂದೇ ಸಲ ಮಿತಿ ಮೀರಿ ಕಾದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ನಮ್ಮದೂ ಹೋಯಿತು. ಕೆಲವು ನೂರು ರೂಪಾಯಿಯ ಪೈಪು ಉಳಿಸಲು ಹೋಗಿ ಹೆಡ್ ಬಿಚ್ಚಿಸಿ, ತಿಕ್ಕಿಸಿ, ಹದಿನಾಲ್ಕು ಸಾವಿರ ಎಣಿಸಿದೆ.

ಪೈಪು ಹೊರಗಿನಿಂದ ನೋಡಲು ಚೆನ್ನಾಗಿತ್ತು. ಮೇಸ್ತ್ರಿ ಅದನ್ನು ಉದ್ದಕ್ಕೆ ಸೀಳಿ ತೋರಿಸಿದಾಗ ಒಳಗೋಡೆಯ ತುಂಬ ಉದ್ದುದ್ದ ಬಿರುಕು. ಎಂಜಿನಿನ ಬೇರೆ ಬೇರೆ ಲೋಹಗಳ ನಡುವೆ ಕೂಲಂಟ್ ಮೂಲಕ ಸಣ್ಣ ವಿದ್ಯುತ್ ಹರಿಯುತ್ತದೆ, ಅದು ರಬ್ಬರನ್ನು ಒಳಗಿನಿಂದಲೇ ಸೀಳುತ್ತದೆ. ಕ್ಲಿಪ್ಪಿನ ಹತ್ತಿರ ಹೆಚ್ಚು. ಅದಕ್ಕೇ ಎಂಜಿನ್ ತಣ್ಣಗಿದ್ದಾಗ ಪೈಪಿನ ತುದಿಯನ್ನು ಕ್ಲಿಪ್ಪಿನ ಪಕ್ಕ ಹಿಸುಕಿ ನೋಡಿ, ಆಮೇಲೆ ನಡುವೆ ಹಿಸುಕಿ. ತುದಿ ಹೆಚ್ಚು ಮೆತ್ತಗಿದ್ದರೆ, ಒಳಗೆ ಸಂದು ಸಿಕ್ಕಿದಂತಾದರೆ, ಅದರ ಕಾಲ ಮುಗಿಯಿತು. ಎಣ್ಣೆ ಕುಡಿದು ಉಬ್ಬಿದ್ದರೂ ಅಷ್ಟೇ, ಕಲ್ಲಿನಂತೆ ಗಟ್ಟಿಯಾಗಿದ್ದರೂ ಅಷ್ಟೇ.

"ನಡೀತಿರೂದನ್ನ ಯಾಕ ಬಿಚ್ಚಬೇಕು?" ಅಂತ ಕೇಳುವವರಿದ್ದಾರೆ. ಅದರಲ್ಲೂ ಅರ್ಧ ನಿಜ ಇದೆ. ಅಂಟಿಕೊಂಡ ಹಳೆಯ ಪೈಪನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಲು ಹೋದರೆ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿಯೇ ಮುರಿಯಬಹುದು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಚ್ಚಬೇಕು. ಮೂತಿಯ ಮೇಲಿನ ಕಿಲುಬು ಉಜ್ಜಬೇಕು, ಹೊಸ ಕ್ಲಿಪ್ ಹಾಕಬೇಕು, ರಬ್ಬರ್ ಕತ್ತರಿಸುವಷ್ಟು ಬಿಗಿಯಬಾರದು. ಬೋರಿನ ಉಪ್ಪುನೀರು ಬೇಡ, ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಕೆಳಗೆ ಚೆಲ್ಲಿದ್ದನ್ನು ತೊಳೆದುಬಿಡಿ. ಸಿಹಿ ಅಂತ ನಾಯಿ ನೆಕ್ಕಿದರೆ ಸಾಯುತ್ತದೆ. ಮತ್ತೆ, ಬದಲಿಸುವುದಾದರೆ ಎಲ್ಲ ಪೈಪೂ ಒಟ್ಟಿಗೆ ಬದಲಿಸಿ. ಒಂದೇ ವಯಸ್ಸಿನವು, ಒಂದೇ ಬಿಸಿ ತಿಂದವು. ಒಂದು ಹೋದರೆ ಉಳಿದವೂ ಸರದಿಯಲ್ಲಿ ನಿಂತಿರುತ್ತವೆ.

ನಿಶ್ಚಿತಾರ್ಥ ತಪ್ಪಿತು. ಸಂಜೆ ಹುಕ್ಕೇರಿಯಿಂದ ಬೀಗರೇ ಬುತ್ತಿ ಕಟ್ಟಿಕೊಂಡು ಬಂದರು. ಅಪ್ಪ ಹೋಳಿಗೆ ತಿನ್ನುತ್ತ ಕೈ ಮೇಲಿನ ಹಳೆಯ ಕಲೆ ನೋಡಿಕೊಂಡು ಮೆಲ್ಲಗೆ ಅಂದರು, "ಛಲೋ ಮಾಡಿದಿ, ಹಿಡದಿ." ಹದಿನಾಲ್ಕು ಸಾವಿರ ಅಲ್ಲಿಗೆ ವಸೂಲಾಯಿತು.

ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಒಮ್ಮೆ ಬಾನೆಟ್ ಎತ್ತಿ ಹಿಸುಕಿ ನೋಡಿ. ಏನು ಸಿಕ್ಕಿತು ಅಂತ ನನಗೂ ಹೇಳಿ.