ದೃಶ್ಯಸಂಸ್ಕೃತಿಯ ಅಧ್ಯಯನ ಮತ್ತು ಗ್ರಂಥಾಲಯದ ಆಕರಗಳು

ಕನ್ನಡ ಸಂಶೋಧನೆಯಲ್ಲಿ ಸಂಸ್ಕೃತಿ ಅಧ್ಯಯನವು ನೆಲೆಯೂರಿದ ಮೇಲೆ ಕ್ಯಾಲೆಂಡರಿನ ದೇವರ ಪಟ, ಸಿನಿಮಾ ಭಿತ್ತಿಪತ್ರ, ಜಾಹೀರಾತು, ವಾರಪತ್ರಿಕೆಯ ಮುಖಪುಟ ಮೊದಲಾದವುಗಳನ್ನೂ ಪಠ್ಯಗಳೆಂದು ಓದುವ ಕ್ರಮ ರೂಢಿಗೆ ಬಂದಿದೆ. ಜಾತಿ, ಲಿಂಗ, ವರ್ಗ, ರಾಷ್ಟ್ರೀಯತೆಗಳು ಬರಹದಲ್ಲಿ ಮಾತ್ರವಲ್ಲದೆ ನೋಟದಲ್ಲಿಯೂ ರೂಪುಗೊಳ್ಳುತ್ತವೆ ಎಂಬುದು ಈ ಓದಿನ ಹಿಂದಿರುವ ಸಮಾಜಶಾಸ್ತ್ರೀಯ ತಿಳಿವಳಿಕೆ. ಆದರೆ ಇಂತಹ ವಿಷಯವನ್ನು ಆಯ್ದುಕೊಂಡ ಸಂಶೋಧನಾರ್ಥಿ ಗ್ರಂಥಾಲಯವನ್ನು ಹೊಕ್ಕಾಗ ಅವರಿಗೆ ಸಿದ್ಧಾಂತ ದೊರೆಯುತ್ತದೆ, ಚಿತ್ರ ದೊರೆಯುವುದಿಲ್ಲ. ಈ ಕೊರತೆಯನ್ನು ಸಂಶೋಧನಾರ್ಥಿಯ ಶ್ರಮದ ಕೊರತೆಯೆಂದು ಭಾವಿಸುವುದು ಸರಿಯಲ್ಲ.

ಮೊದಲ ತೊಡಕು ವರ್ಗೀಕರಣದ್ದು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಸಮಾಜಶಾಸ್ತ್ರ 301ರಿಂದ 307ರವರೆಗಿನ ಅಂಕಿಗಳಲ್ಲಿದ್ದರೆ, ಜಾಹೀರಾತು 659ರಲ್ಲಿ, ರೇಖಾಚಿತ್ರ ಮತ್ತು ವ್ಯಂಗ್ಯಚಿತ್ರ 741ರಲ್ಲಿ, ಛಾಯಾಗ್ರಹಣ 770ರಲ್ಲಿ, ಸಿನಿಮಾ 791ರಲ್ಲಿ ಬರುತ್ತವೆ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿಯು ಒಂದು ವಿಷಯದ ಹಲವು ಮುಖಗಳನ್ನು ಒಂದೇ ಸಂಕೇತದಲ್ಲಿ ಕೂಡಿಸುವ ದಾರಿ ತೋರಿತು. ಆದರೂ ಕಪಾಟಿನಲ್ಲಿ ಪುಸ್ತಕದ ಒಂದು ಪ್ರತಿಗೆ ಇರುವುದು ಒಂದೇ ಸ್ಥಾನ. ಜಾನ್ ಬರ್ಜರ್ ಅವರ 'ವೇಸ್ ಆಫ್ ಸೀಯಿಂಗ್' (1972) ಕಲೆಯ ಕಪಾಟಿನಲ್ಲಿರುತ್ತದೆ. ಪಿಯರ್ ಬೋರ್ದಿಯು 1965ರಲ್ಲಿ ಹೊರತಂದ ಛಾಯಾಗ್ರಹಣದ ಸಾಮಾಜಿಕ ಬಳಕೆಯ ಅಧ್ಯಯನವು ಛಾಯಾಗ್ರಹಣದ ಸಾಲಿಗೆ ಸೇರಿರುವ ಸಾಧ್ಯತೆಯೇ ಹೆಚ್ಚು. ಆದುದರಿಂದ ಸಮಾಜಶಾಸ್ತ್ರದ ಕಪಾಟಿಗೆ ನಿಲ್ಲದೆ, 'ವಿಷುವಲ್ ಸೋಷಿಯಾಲಜಿ', 'ವಿಷುವಲ್ ಆಂಥ್ರೊಪಾಲಜಿ', 'ಆರ್ಟ್ ಅಂಡ್ ಸೊಸೈಟಿ', 'ಪಾಪ್ಯುಲರ್ ಕಲ್ಚರ್' ಎಂಬ ವಿಷಯಶೀರ್ಷಿಕೆಗಳ ಮೂಲಕವೂ ಗ್ರಂಥಸೂಚಿಯನ್ನು ಶೋಧಿಸಬೇಕಾಗುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಗಂಭೀರವಾದುದು. ಗ್ರಂಥಸೂಚಿಯು ಲೇಖಕನನ್ನೂ ಶೀರ್ಷಿಕೆಯನ್ನೂ ದಾಖಲಿಸುತ್ತದೆಯೇ ಹೊರತು ಒಳಗಿನ ಚಿತ್ರಗಳನ್ನಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ 'ಕೊರವಂಜಿ'ಯಲ್ಲಿ ಆರ್. ಕೆ. ಲಕ್ಷ್ಮಣ್ ಅವರ ಆರಂಭಕಾಲದ ಚಿತ್ರಗಳಿವೆ. ಪತ್ರಿಕೆಯ ಹೆಸರನ್ನಷ್ಟೇ ಹೇಳುವ ಗ್ರಂಥಸೂಚಿಯಿಂದ ಅದು ತಿಳಿಯದು. ಗುಲಬರ್ಗಾದ ಎಸ್. ಎಂ. ಪಂಡಿತ್ (1916-1993) ಅವರ ದೇವತಾಚಿತ್ರಗಳು ಜನರ ಮನೆಗಳನ್ನು ಮುಟ್ಟಿದ್ದು ಕ್ಯಾಲೆಂಡರುಗಳ ಮೂಲಕ. ಕ್ಯಾಲೆಂಡರು ಗ್ರಂಥವಲ್ಲವಾದ್ದರಿಂದ ಗ್ರಂಥಾಲಯಕ್ಕೆ ಬರುವುದೇ ಅಪರೂಪ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಪ್ರತಿ ಉಳಿದಿಲ್ಲ. ಇಂತಹ ಚಿತ್ರಗಳ ಅಧ್ಯಯನಕ್ಕೆ ಜಾಹೀರಾತು, ಸ್ಥಿರಚಿತ್ರ, ಹಾಡಿನ ಪುಸ್ತಕಗಳೇ ಆಧಾರವಾಗಬೇಕು. ಹೀಗಿರುವಾಗ, ಪತ್ರಿಕೆಗಳನ್ನು ಬೈಂಡ್ ಮಾಡಿಸುವಾಗ ಮುಖಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಹಾಕುವ ಪದ್ಧತಿ ಎಷ್ಟು ಆಕರಗಳನ್ನು ಇಲ್ಲವಾಗಿಸಿದೆ ಎಂಬುದನ್ನು ಯಾರೂ ಊಹಿಸಬಹುದು.

ಗಣಕೀಕರಣದಿಂದ ಇದೆಲ್ಲ ಪರಿಹಾರವಾಗುತ್ತದೆಂಬ ನಂಬಿಕೆಯಿದೆ. ಅದು ಅರ್ಧಸತ್ಯ. 2013ರಲ್ಲಿ ಆರಂಭವಾದ 'ಇಂಡಿಯನ್‌ಸಿನೆ.ಮಾ' ಜಾಲತಾಣದಂತಹ ಪ್ರಯತ್ನಗಳು ಸಿನಿಮಾ ಅಧ್ಯಯನಕ್ಕೆ ನಿಜವಾಗಿಯೂ ನೆರವಾಗಿವೆ. ಆದರೆ ಮುಖಪುಟ ಕಳೆದುಕೊಂಡ ಸಂಪುಟವನ್ನು ಸ್ಕ್ಯಾನ್ ಮಾಡಿದರೆ ಮುಖಪುಟವಿಲ್ಲದ ಕಡತವೇ ದೊರೆಯುತ್ತದೆ. ಚಿತ್ರದ ವಿವರವನ್ನು ಯಾರಾದರೂ ಬರೆದಿಡದ ಹೊರತು ಪದಶೋಧಕ್ಕೂ ಅದು ಸಿಕ್ಕುವುದಿಲ್ಲ.

ಚಿತ್ರಗಳ ದಾಖಲಾತಿ ಕನ್ನಡ ವಿಭಾಗದ ಕೆಲಸವೇ ಎಂಬ ಆಕ್ಷೇಪ ಬರಬಹುದು. ಅಧ್ಯಾಪಕರ ಕಾರ್ಯಭಾರವನ್ನು ಬಲ್ಲವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೆ ವ್ಯಂಗ್ಯಚಿತ್ರದ ಅಡಿಬರಹ, ಜಾಹೀರಾತಿನ ಒಕ್ಕಣೆ, ಧಾರಾವಾಹಿಯ ಪಕ್ಕದ ರೇಖಾಚಿತ್ರ ಇವೆಲ್ಲ ಕನ್ನಡದ ನುಡಿಯೊಂದಿಗೆ ಹೆಣೆದುಕೊಂಡಿವೆ. ಕಾದಂಬರಿಯ ನಾಯಕಿಯನ್ನು ಲೇಖಕಿ ಒಂದು ಬಗೆಯಾಗಿ ಚಿತ್ರಿಸಿ, ವಾರಪತ್ರಿಕೆಯ ಚಿತ್ರಕಾರ ಇನ್ನೊಂದು ಬಗೆಯಾಗಿ ಬರೆದಿದ್ದರೆ, ಆ ಅಂತರವನ್ನು ಗುರುತಿಸಬಲ್ಲವರು ಎರಡನ್ನೂ ಓದಬಲ್ಲವರೇ. ಪುಸ್ತಕರೂಪದಲ್ಲಿ ಕಾದಂಬರಿಯನ್ನು ಓದುವವರಿಗೆ ಅಂತಹ ಅಂತರವಿತ್ತೆಂಬುದೇ ತಿಳಿಯದೆ ಹೋಗಬಹುದು.

ಈ ದಿಸೆಯಲ್ಲಿ ಆಗಬೇಕಾದ ಕೆಲಸಗಳು ದೊಡ್ಡ ಅನುದಾನವನ್ನೇನೂ ಬೇಡುವುದಿಲ್ಲ. ಬೈಂಡಿಂಗ್‌ಗೆ ಕಳುಹಿಸುವ ಮುನ್ನ ಮುಖಪುಟ, ಜಾಹೀರಾತುಗಳನ್ನು ಉಳಿಸುವಂತೆ ಗ್ರಂಥಪಾಲಕರಿಗೆ ವಿಭಾಗವು ಲಿಖಿತವಾಗಿ ಸೂಚಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಕೆಲವನ್ನಾದರೂ ಒಂದೊಂದು ಪತ್ರಿಕೆಯ ಚಿತ್ರಸೂಚಿಗೆ ಮೀಸಲಿಡಬಹುದು: ಸಂಚಿಕೆ, ಪುಟ, ಚಿತ್ರಕಾರ, ವಿಷಯ, ಅಡಿಬರಹ ಇಷ್ಟು ವಿವರ ಸಾಕು. ಶಾಸನಸೂಚಿ, ಹಸ್ತಪ್ರತಿಸೂಚಿಗಳನ್ನು ಸಿದ್ಧಪಡಿಸಿದ ಪರಂಪರೆ ಕನ್ನಡ ವಿದ್ವತ್ತಿಗಿದೆ. ಚಿತ್ರಸೂಚಿ ಅದರ ಸಹಜ ಮುಂದುವರಿಕೆ. ಹಳೆಯ ವಾರಪತ್ರಿಕೆಗಳು ಈಗಲೂ ರದ್ದಿಯಂಗಡಿಗಳಲ್ಲಿ ತೂಕಕ್ಕೆ ಮಾರಾಟವಾಗುತ್ತಿವೆ. ಅವು ಮುಗಿಯುವ ಮುನ್ನ ಈ ಕೆಲಸ ಆರಂಭವಾಗದಿದ್ದರೆ, ಮುಂದಿನ ಸಂಶೋಧಕರು ಬರ್ಜರ್, ಬೋರ್ದಿಯು ಅವರನ್ನು ಉಲ್ಲೇಖಿಸುತ್ತ, ಕಣ್ಣಾರೆ ಕಾಣದ ಚಿತ್ರಗಳ ಕುರಿತು ಪ್ರಬಂಧ ಬರೆಯಬೇಕಾಗುತ್ತದೆ.