ಹೊಳಪಿಗೆ ನೀರು ಬಲಿಯಾಗಬೇಕೆ?

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಹೊಲಗಳಿಗೆ ಟ್ರ್ಯಾಕ್ಟರ್ ಬಂದು ದಶಕಗಳೇ ಕಳೆದಿವೆ. ಅದರ ಟ್ರೇಲರನ್ನು ಎತ್ತುವ ಹೈಡ್ರಾಲಿಕ್ ಜಾಕಿನ ದಂಡ ಕನ್ನಡಿಯಂತೆ ಹೊಳೆಯುವುದನ್ನು ಎಲ್ಲ ರೈತರೂ ಕಂಡಿದ್ದಾರೆ. ಆ ಹೊಳಪು ಸಾಮಾನ್ಯವಾಗಿ ಕ್ರೋಮಿಯಂ ಲೇಪನದ್ದು. ಲೇಪನದ ತೊಟ್ಟಿಯಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಸಾಬೀತಾದ ಸಂಗತಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಈ ವಿಷ ಪತ್ತೆಯಾಗಿದೆ. ರೈತನ ಯಂತ್ರ ಗಟ್ಟಿಯಾಗಲು ಇನ್ನೊಬ್ಬರ ಕೊಳವೆಬಾವಿ ಕೆಡಬೇಕೆ?

‘ಬೇರೆ ದಾರಿಯಿಲ್ಲ’ ಎಂಬುದು ಉದ್ಯಮದ ಹಳೆಯ ಉತ್ತರ. ಈ ಉತ್ತರ ಸುಳ್ಳು. ಗಾಳಿಯನ್ನು ಹೊರತೆಗೆದ ಉಕ್ಕಿನ ಕೊಠಡಿಯಲ್ಲಿ ಬಿಡಿಭಾಗವನ್ನಿಟ್ಟು, ಸ್ವಲ್ಪ ಸಾರಜನಕ ಹಾಗೂ ಜಲಜನಕವನ್ನು ಬಿಟ್ಟು ವಿದ್ಯುತ್ ಹಾಯಿಸಿದರೆ ಅನಿಲವು ಮಿನುಗುವ ಪ್ಲಾಸ್ಮಾ ಆಗುತ್ತದೆ. ಅದರ ಕಣಗಳು ಲೋಹದ ಮೈಗೆ ಬಡಿದು ಶುಚಿಗೊಳಿಸುತ್ತವೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾರಜನಕವು ಒಳಗಿಳಿದು ಗಟ್ಟಿಯಾದ ನೈಟ್ರೈಡುಗಳನ್ನು ಕಟ್ಟುತ್ತದೆ. ಇದು ಮೇಲೆ ಬಳಿದ ಲೇಪನವಲ್ಲ, ಉಕ್ಕಿನ ಮೈಯೇ ಬದಲಾಗುವ ಕ್ರಿಯೆ. ಇದಕ್ಕೆ ಕ್ರೋಮಿಯಂ ತೊಟ್ಟಿಯೂ ಬೇಡ, ಸೈನೈಡ್ ಲವಣವೂ ಬೇಡ.

ಈ ವಿದ್ಯೆ ದೂರದೇಶದ್ದೇನಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು ಇಂತಹ ತಂತ್ರಗಳನ್ನು ಉದ್ಯಮಕ್ಕೆ ಒದಗಿಸಲೆಂದೇ 1997ರಲ್ಲಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಜನರ ತೆರಿಗೆಯಿಂದ ಬೆಳೆದ ಜ್ಞಾನ ಜನರ ನೀರನ್ನು ಕಾಯಬೇಕಲ್ಲವೆ? ಸಣ್ಣ ಕಾರ್ಖಾನೆಯೊಂದು ಇಂತಹ ದುಬಾರಿ ಕುಲುಮೆಯನ್ನು ಕೊಳ್ಳಲಾರದೆಂಬುದು ನಿಜ. ಹಾಗಿದ್ದರೆ ಹುಬ್ಬಳ್ಳಿಯಂತಹ ಕಡೆ ಎಲ್ಲರೂ ಬಳಸಬಹುದಾದ ಸಾಮೂಹಿಕ ಘಟಕವನ್ನು ಸರಕಾರವೇ ಸ್ಥಾಪಿಸಲಿ.

ಆದರೆ ‘ಪ್ಲಾಸ್ಮಾ’ ಎಂಬ ಹೆಸರಿಗೆ ಮರುಳಾಗುವುದೂ ಸಲ್ಲದು. ಗಟ್ಟಿಯಾಗುವ ಪದರ ಅರ್ಧ ಮಿಲಿಮೀಟರನ್ನೂ ಮೀರುವುದು ಅಪರೂಪ. ಸಾದಾ ಉಕ್ಕಿಗೆ ಇದರಿಂದ ಸಿಗುವ ಲಾಭವೂ ಕಡಿಮೆ. ಗಿಯರು, ದಂಡಗಳಿಗೆ ಇದು ತಕ್ಕುದು. ಮಣ್ಣು-ಕಲ್ಲುಗಳೊಡನೆ ತಿಕ್ಕಾಡುವ ನೇಗಿಲಿನ ಕುಳಕ್ಕೆ ಊರ ಕಮ್ಮಾರ ಕಾಯಿಸಿ, ಬಡಿದು, ನೀರಿಗದ್ದಿ ಕೊಡುವ ಹದವೇ ಇಂದಿಗೂ ಯೋಗ್ಯ. ಹೊಸ ತಂತ್ರದ ಹೆಸರಿನಲ್ಲಿ ಅವನ ಕುಲುಮೆ ಆರಬಾರದು.

1987ರ ನವೆಂಬರ್ 14ರಂದು ಕುಸನೂರಿನ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿಯನ್ನು ಕಿತ್ತದ್ದಷ್ಟೇ ಅಲ್ಲ, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಬೇಡವೆನ್ನುವುದರ ಜೊತೆಗೆ ಬೇಕಾದುದನ್ನು ಹೇಳುವುದೇ ಆ ಹೋರಾಟದ ಪಾಠ. ಯಂತ್ರ ಕೊಳ್ಳುವ ಪ್ರತಿ ರೈತನೂ, ಲೋಹಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಯೂ ಬೆಲೆಯೊಂದನ್ನೇ ಕೇಳಿ ಸುಮ್ಮನಾಗದೆ, ಇದು ಹೇಗೆ ಗಟ್ಟಿಯಾಯಿತು, ಅದರ ಕೊಳೆನೀರು ಎಲ್ಲಿಗೆ ಹೋಯಿತು ಎಂದು ಕೇಳಲಿ.